ಹೊಕ್ಕುಳಬಳ್ಳಿಗೂ ಇಎಂಐ

ಏಳನೇ ತಿಂಗಳ ಸ್ಕ್ಯಾನಿಂಗ್ ಮುಗಿಸಿ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಫೋನ್ ಬಂತು. "ಮೇಡಂ, ಮಗುವಿನ ಸ್ಟೆಮ್ ಸೆಲ್ ಇಡಿಸೋ ಬಗ್ಗೆ ಏನಾದ್ರೂ ಯೋಚನೆ ಮಾಡಿದೀರಾ?" ನನ್ನ ನಂಬರ್ ಹೇಗೆ ಸಿಕ್ಕಿತು ಅಂತ ಕೇಳಿದರೆ ಮಾತು ತೇಲಿಸಿದರು.

ಭಾನುವಾರ ಒಬ್ಬ ಹುಡುಗ ಟ್ಯಾಬ್ ಹಿಡಿದು ಮನೆಗೇ ಬಂದ. ಹೆರಿಗೆ ಆದ ಮೇಲೆ ಬಳ್ಳಿಯಲ್ಲಿ ಉಳಿಯುವ ರಕ್ತವನ್ನು ಚೀಲಕ್ಕೆ ಇಳಿಸಿಕೊಂಡು ಹೋಗಿ, ಅದರಲ್ಲಿರುವ, ಹೊಸ ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶಗಳಾದ ಸ್ಟೆಮ್ ಸೆಲ್‌ಗಳನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ, ವರ್ಷಗಟ್ಟಲೆ ಇಡುತ್ತಾರಂತೆ. ಅರ್ಧ ಲಕ್ಷದ ಮೇಲೆ. ಇಎಂಐ ಕೂಡ ಇದೆಯಂತೆ. ಅತ್ತೆ ಕಾಫಿ ತಂದಾಗ, "ನೀವೂ ಬಳ್ಳಿ ಒಣಗಿಸಿ ತಾಯತದಲ್ಲಿ ಇಡ್ತಿದ್ರಲ್ವಾ ಅಮ್ಮಾ, ಇದೂ ಅದೇ" ಅಂದ. ಅತ್ತೆ ಒಳಗೆ ಹೋಗಿ ನನ್ನ ಗಂಡನ ಬೆಳ್ಳಿ ತಾಯತವನ್ನೇ ತಂದರು. ಕಪ್ಪಗಾಗಿದೆ, ಅಲ್ಲಾಡಿಸಿದರೆ ಒಳಗೆ ಮೆಣಸಿನ ಕಾಳು ಉರುಳಿದ ಹಾಗೆ ಸದ್ದು. "ಇದಕ್ಕೆ ಕಂತು ಇರ್ಲಿಲ್ಲ ಕಣಪ್ಪ" ಅಂದರು.

ನಗು ಬಂತು, ನಿಜ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾಳೆ ಮಗುವಿಗೆ ಏನಾದರೂ ಆಗಿ, ಅಯ್ಯೋ ಅವತ್ತು ಇಡಿಸಬೇಕಿತ್ತು ಅನಿಸಿದರೆ? ಅವರು ಮಾರುವುದು ಈ ಹೆದರಿಕೆಯನ್ನೇ.

ನಮ್ಮ ಡಾಕ್ಟರು ಬಿಡಿಸಿ ಹೇಳಿದರು. ವಿದ್ಯೆ ಸುಳ್ಳಲ್ಲ, 1988ರಲ್ಲಿ ಪ್ಯಾರಿಸ್‌ನಲ್ಲಿ ಎಲಿಯಾನ್ ಗ್ಲುಕ್‌ಮನ್ ಎಂಬ ವೈದ್ಯೆ, ಮೈಯಲ್ಲಿ ಹೊಸ ರಕ್ತ ಸರಿಯಾಗಿ ಹುಟ್ಟದ ಫ್ಯಾಂಕೋನಿ ಅನೀಮಿಯಾ ಎಂಬ ಹುಟ್ಟುಕಾಯಿಲೆ ಇದ್ದ ಒಬ್ಬ ಹುಡುಗನನ್ನು ಬಳ್ಳಿಯ ರಕ್ತದಿಂದಲೇ ಉಳಿಸಿದ್ದರು. ಆದರೆ ಆ ರಕ್ತ ಅವನದಲ್ಲ, ಅವನ ಪುಟ್ಟ ತಂಗಿಯದು! ಥಲಸೀಮಿಯಾದಂಥ ರಕ್ತದ ಹುಟ್ಟುಕಾಯಿಲೆ ಇದ್ದರೆ ಮಗುವಿನ ಸ್ವಂತ ಸೆಲ್‌ನಲ್ಲೂ ಅದೇ ದೋಷ ಕೂತಿರುತ್ತದೆ, ಇಟ್ಟು ಏನು ಮಾಡುವುದು? ಮನೆಯಲ್ಲಿ ಆಗಲೇ ಇಂಥ ಕಾಯಿಲೆಯ ದೊಡ್ಡ ಮಗು ಇದ್ದರೆ ಮಾತು ಬೇರೆ, ಆಗ ಇಡಿಸಬೇಕು. ಸುಮ್ನೆ ಮುಂದಕ್ಕೆ ಇರಲಿ ಅಂತ ಖಾಸಗಿಯಾಗಿ ಇಡಿಸುವುದನ್ನು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೂಡ ಶಿಫಾರಸು ಮಾಡುವುದಿಲ್ಲ.

ನನ್ನ ಮನಸ್ಸು ಗಟ್ಟಿಯಾಗಿದ್ದು ಇನ್ನೊಂದು ಮಾತಿಗೆ. ಮಗು ಹುಟ್ಟಿದ ಮೇಲೆ ಒಂದು ನಿಮಿಷವಾದರೂ ಕಾದು ಬಳ್ಳಿ ಕತ್ತರಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ರಕ್ತ ಮಗುವಿಗೇ ಹೋಗುತ್ತದೆ, ಕಬ್ಬಿಣಾಂಶ ಸಿಗುತ್ತದೆ. ಕಾದಷ್ಟೂ ಚೀಲಕ್ಕೆ ಬೀಳುವುದು ಕಡಿಮೆ.

ಕಾದರು. ಮಗಳು ನನ್ನ ಎದೆ ಮೇಲೆ ಅಳುತ್ತಿದ್ದಳು, ನರ್ಸ್ ಗಡಿಯಾರ ನೋಡುತ್ತಿದ್ದರು, ಬಳ್ಳಿ ಇನ್ನೂ ಮಿಡಿಯುತ್ತಿತ್ತು.

ಎಂಟನೇ ದಿನ ಬಳ್ಳಿಯ ತುಂಡು ಉದುರಿತು. ಅತ್ತೆ ಕಾಗದದಲ್ಲಿ ಸುತ್ತಿ ಎತ್ತಿಟ್ಟು, ಚಿಕ್ಕಪೇಟೆಯಲ್ಲಿ ತಾಯತಕ್ಕೆ ಹೇಳಿ ಬಂದಿದ್ದಾರೆ. ಈಗಿನ ಬೆಳ್ಳಿ ರೇಟಿಗೆ ಅದಕ್ಕೂ ಇಎಂಐ ಬೇಕಾಗುತ್ತೋ ಏನೋ.