ಬೇಡ ಅನ್ನುವವರು ಎಲ್ಲಿ ಒತ್ತಬೇಕು?

ನಿನ್ನೆ, ಮಂಗಳವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕೇಳಿದ ಪ್ರಶ್ನೆ. ಈಗ ರಾತ್ರಿ ಒಂಬತ್ತೂವರೆ, ಇನ್ನೂ ತಲೆಯಿಂದ ಇಳಿದಿಲ್ಲ. ಕೇಳಿದವರು ಸಿರಾ ಕಡೆಯ ಒಬ್ಬ ಯಜಮಾನರು. ಕೇಳುವಾಗ ಅವರ ಎಡಗೈ ಹೆಬ್ಬೆಟ್ಟಿನ ಮಸಿ ಆರಿರಲಿಲ್ಲ.

ಹೆಂಡತಿಯ ಥೈರಾಯ್ಡ್ ತಪಾಸಣೆಗೆಂದು ಆಸ್ಪತ್ರೆಗೆ ಹೋಗಿದ್ದೆ. ಅವಳು ಒಳಗೆ, ನಾನು ಹೊರಗೆ ಕಬ್ಬಿಣದ ಬೆಂಚಿನ ಮೇಲೆ. ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡ ಒಬ್ಬ ಹುಡುಗಿ ಕೈಯಲ್ಲಿ ಫೈಲು ಹಿಡಿದು ಬಂದಳು. "ಸರ್, ನಿಮಗೆ ಕನ್ನಡ ಓದಲು ಬರುತ್ತದಲ್ಲವೇ? ಒಂದು ಸಾಕ್ಷಿ ಸಹಿ ಬೇಕಿತ್ತು. ಎರಡು ನಿಮಿಷ." ಪಕ್ಕದಲ್ಲೇ ಯಜಮಾನರು ಕೂತಿದ್ದರು. ಪಂಚೆ, ಬಿಳಿ ಶರ್ಟು, ಮಡಿಲಲ್ಲಿ ಎಕ್ಸ್‌ರೇ ಹಾಕುವ ದೊಡ್ಡ ಲಕೋಟೆ. ಹೆಬ್ಬೆಟ್ಟು ಆಗಲೇ ಒತ್ತಿಯಾಗಿತ್ತು.

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ದುಡಿದವನು ನಾನು. ಸಹಿ ಎಂದರೆ ಸಾಕು, ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಪೆನ್ನಿನ ಕ್ಯಾಪು ತೆಗೆದೂ ಬಿಟ್ಟಿದ್ದೆ. ಸಹಿಯ ಗೆರೆಯ ಮೇಲಿನ ವಾಕ್ಯ ಓದಿದ್ದು ಎಚ್ಚರದಿಂದಲ್ಲ, ಕನ್ನಡಕ ಹೇಗೂ ಮೂಗಿನ ಮೇಲಿತ್ತು ಎನ್ನುವ ಕಾರಣಕ್ಕೆ. ಭಾಗವಹಿಸುವವರಿಗೆ ಎಲ್ಲ ವಿವರಗಳನ್ನೂ ಓದಿ ಹೇಳುವಾಗ ನಾನು ಆರಂಭದಿಂದ ಕೊನೆಯವರೆಗೆ ಹಾಜರಿದ್ದೆನೆಂದೂ ಅವರು ಸ್ವಇಚ್ಛೆಯಿಂದ ಒಪ್ಪಿದ್ದಾರೆಂದೂ ಅಲ್ಲಿ ಬರೆದಿತ್ತು. ನಾನು ಬಂದು ಕೂತು ಆರು ನಿಮಿಷವಾಗಿತ್ತು.

"ಇದನ್ನು ಇವರಿಗೆ ಓದಿ ಹೇಳಿದ್ದು ಯಾವಾಗಮ್ಮಾ?" ಎಂದೆ.

"ಹೇಳಿದ್ದೇನೆ ಸರ್, ಆಗಲೇ, ಸ್ಥೂಲವಾಗಿ. ಇದು ಸುಮ್ಮನೆ ಫಾರ್ಮಾಲಿಟಿ."

ಹುಡುಗಿ ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಿ.ಫಾರ್ಮಾ ಓದಿಕೊಂಡು ಮೊದಲ ಕೆಲಸಕ್ಕೆ ಸೇರಿದ್ದಾಳೆ. ತಿಂಗಳಿಗೆ ಇಷ್ಟು ಜನರನ್ನು ಸೇರಿಸಬೇಕೆಂಬ ಲೆಕ್ಕ ಅವಳ ತಲೆಯ ಮೇಲಿದೆ ಎಂಬುದು ಅವಳು ಗಡಿಯಾರ ನೋಡುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಮಾರ್ಚ್ ತಿಂಗಳಲ್ಲಿ ನಾವೂ ಹಾಗೆಯೇ ಗಡಿಯಾರ ನೋಡುತ್ತಿದ್ದೆವು. ಯಜಮಾನರನ್ನು ಅವಳು "ತಾತ" ಎನ್ನುತ್ತಿದ್ದ ದನಿಯಲ್ಲಿ ನಾಟಕವಿರಲಿಲ್ಲ.

ಸಹಿ ಹಾಕದೆ ಕಾಗದಗಳನ್ನು ಕೈಗೆ ತೆಗೆದುಕೊಂಡೆ. ಮಾಹಿತಿ ಪತ್ರವೇ ಹದಿನಾಲ್ಕು ಪುಟ. ಸಕ್ಕರೆ ಕಾಯಿಲೆಯ ಎರಡು ಮಾತ್ರೆಗಳನ್ನು ಹೋಲಿಸಿ ನೋಡುವ ಅಧ್ಯಯನ. ಕನ್ನಡವೇನೋ ಕನ್ನಡವೇ. "ಇದೊಂದು ಯಾದೃಚ್ಛೀಕೃತ, ದ್ವಿ-ಕುರುಡು, ಸಮಾನಾಂತರ ಗುಂಪುಗಳ ಅಧ್ಯಯನವಾಗಿರುತ್ತದೆ." ರೋಗಿಗೂ ವೈದ್ಯರಿಗೂ ಯಾರಿಗೆ ಯಾವ ಮಾತ್ರೆ ಸಿಕ್ಕಿದೆ ಎಂದು ಗೊತ್ತಿರುವುದಿಲ್ಲ ಎನ್ನುವುದಕ್ಕೆ ಇಂಗ್ಲಿಷಿನವರು ಬಳಸುವ 'ಬ್ಲೈಂಡ್' ಎಂಬ ಮಾತನ್ನು ಯಾರೋ ಪುಣ್ಯಾತ್ಮರು ಹಾಗೇ ಎತ್ತಿ ಕನ್ನಡಕ್ಕೆ ಇಳಿಸಿದ್ದಾರೆ. ಸಕ್ಕರೆ ಕಾಯಿಲೆಯವರಿಗೆ ಹಗಲಿರುಳೂ ಇರುವ ಹೆದರಿಕೆಯೇ ಕಣ್ಣು ಹೋದೀತೆಂಬುದು. ಅಂಥವರ ಮುಂದೆ 'ದ್ವಿ-ಕುರುಡು' ಎಂಬ ಕಾಗದ ಹಿಡಿಯುವುದು! ಓದು ಬಾರದಿರುವುದೂ ಒಮ್ಮೊಮ್ಮೆ ಅನುಕೂಲವೇ.

ನಾನು ಪುಟ ಮಗುಚುತ್ತಿದ್ದಾಗ ಯಜಮಾನರು ನನ್ನ ಕಡೆ ಬಾಗಿ, ದನಿ ತಗ್ಗಿಸಿ ಕೇಳಿದರು. "ಸ್ವಾಮಿ, ನೀವು ಓದಿದವರು. ಒಪ್ಪಿಗೆ ಅನ್ನುವವರು ಇಲ್ಲಿ ಒತ್ತಬೇಕು ಅಂತ ತೋರಿಸಿದರು, ಒತ್ತಿದೆ. ಬೇಡ ಅನ್ನುವವರು ಎಲ್ಲಿ ಒತ್ತಬೇಕು?"

ಅದರಲ್ಲಿ ಕುಚೋದ್ಯವಿರಲಿಲ್ಲ. ಮತ ಹಾಕುವ ಯಂತ್ರದಲ್ಲೂ ಕೊನೆಗೊಂದು ಗುಂಡಿ ಇರುತ್ತದಲ್ಲ, ಅಂಥದ್ದೊಂದು ಜಾಗ ಇದ್ದೇ ಇರುತ್ತದೆ, ತಮಗೆ ಕಾಣಲಿಲ್ಲ ಅಷ್ಟೇ ಎಂಬ ನಂಬಿಕೆಯಲ್ಲಿ ಕೇಳಿದ್ದರು. ಹುಡುಗಿ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಕೊನೆಯ ಪುಟದಿಂದ ಹಿಂದಕ್ಕೆ ಮಗುಚಿದಳು. ತನಗೂ ಗೊತ್ತಿತ್ತು, ಅಲ್ಲಿಲ್ಲ ಎಂದು. ಆದರೂ ಮಗುಚಿದಳು. ಅದಕ್ಕೇ ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ.

"ಬೇಡ ಅನ್ನುವವರು ಎಲ್ಲೂ ಒತ್ತಬೇಕಾಗಿಲ್ಲ ತಾತ. ಎದ್ದು ಹೋದರಾಯಿತು."

"ಎದ್ದು ಹೋದರೆ ಬೇಡ ಅಂದೆ ಅಂತ ಯಾರಿಗೆ ಗೊತ್ತಾಗುತ್ತದವ್ವಾ? ಬಸ್ಸಿಗೆ ಹೊತ್ತಾಯಿತು ಅಂದುಕೊಳ್ಳುತ್ತಾರೆ."

ನನಗೆ ನಗು ಬಂತು, ಅವಳಿಗೂ ಬಂತು. ಯಜಮಾನರು ಮಾತ್ರ ನಗಲಿಲ್ಲ.

ಅಷ್ಟರಲ್ಲಿ ಡಾಕ್ಟರು ಆ ದಾರಿಯಾಗಿ ಬಂದರು. ಯಜಮಾನರ ಭುಜದ ಮೇಲೆ ಕೈಯಿಟ್ಟು, "ಚೆನ್ನಾಗಿದ್ದೀರಾ? ಕಾಲಿನ ಗಾಯ ಒಣಗಿತಾ?" ಎಂದು ಕೇಳಿ ಮುಂದೆ ಹೋದರು. ಯಜಮಾನರು ಎದ್ದು ನಿಂತವರು ಡಾಕ್ಟರು ತಿರುವಿನಲ್ಲಿ ಮರೆಯಾಗುವವರೆಗೆ ಕೂರಲಿಲ್ಲ. ಆ ಮೇಲೆ, "ದೇವರಂಥವರು. ಹೋದ ವರ್ಷ ಕಾಲು ಉಳಿಸಿದರು" ಎಂದರು. ಡಾಕ್ಟರು ಗದರುವವರಾಗಿದ್ದರೆ ಬೇಡ ಎನ್ನುವುದು ಎಷ್ಟೋ ಸುಲಭವಿತ್ತು. ಕಾಲು ಉಳಿಸಿದವರ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳಬೇಕು?

ಮನೆಗೆ ಬಂದ ಮೇಲೆ ಮೊಬೈಲಿನಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳನ್ನು ಹುಡುಕಿ ಓದಿದೆ. ನಿವೃತ್ತಿಯಾದರೂ ಸುತ್ತೋಲೆ ಓದುವ ಚಟ ಹೋಗಿಲ್ಲ. ಓದುಬರಹ ಬಾರದವರಾದರೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಒಪ್ಪಿಗೆಯ ಇಡೀ ಪ್ರಕ್ರಿಯೆಯ ಉದ್ದಕ್ಕೂ ಇರಬೇಕೆಂದು ಅದರಲ್ಲಿ ಸ್ಪಷ್ಟವಾಗಿದೆ. ಯಾವಾಗ ಬೇಕಾದರೂ, ಕಾರಣ ಹೇಳದೆ ಹಿಂದೆ ಸರಿಯಬಹುದು, ಅದರಿಂದ ಚಿಕಿತ್ಸೆಗೆ ಕುಂದು ಬರಕೂಡದು ಎಂದೂ ಇದೆ. ಕಾಗದದಲ್ಲಿ ಕೊರತೆಯೇನಿಲ್ಲ. ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ ಇಂಥ ಔಷಧ ಪ್ರಯೋಗಗಳ ವಿಷಯವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2013ರಲ್ಲಿ, ಒಪ್ಪಿಗೆ ಪಡೆಯುವುದನ್ನು ವಿಡಿಯೊ ಮಾಡಿಡಬೇಕೆಂಬ ಆದೇಶವೂ ಬಂತು. ಆಮೇಲೆ ಅದನ್ನು ಕೆಲವು ಬಗೆಯ ಪ್ರಯೋಗಗಳಿಗೆ ಮಾತ್ರ ಉಳಿಸಿಕೊಂಡರು. ಕ್ಯಾಮೆರಾ ಇಟ್ಟರೆ ತಾನೇ ಏನು? ಯಜಮಾನರು ಕ್ಯಾಮೆರಾದ ಮುಂದೆಯೂ ಎದ್ದು ನಿಂತು ಕೈಮುಗಿಯುತ್ತಿದ್ದರು.

ಖಮ್ಮಂ ಪ್ರಕರಣ ನೆನಪಾಯಿತು. 2009ರಲ್ಲಿ ಆಗಿನ ಅವಿಭಜಿತ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಹತ್ತರಿಂದ ಹದಿನಾಲ್ಕು ವರ್ಷದ ಸಾವಿರಾರು ಹುಡುಗಿಯರಿಗೆ ಒಂದು ಯೋಜನೆಯಡಿ ಹಾಕಿದರು. ಅವರಲ್ಲಿ ಬಹಳಷ್ಟು ಮಂದಿ ಬುಡಕಟ್ಟಿನ ಮಕ್ಕಳು, ಹಾಸ್ಟೆಲಿನಲ್ಲಿದ್ದವರು. ಅಪ್ಪ ಅಮ್ಮ ಹಾಕಬೇಕಾದ ಸಹಿಯನ್ನು ಎಷ್ಟೋ ಫಾರಂಗಳಲ್ಲಿ ಹಾಸ್ಟೆಲ್ ವಾರ್ಡನ್‌ಗಳೇ ಹಾಕಿದ್ದರು. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು, 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಕಟುವಾದ ವರದಿ ಕೊಟ್ಟಿತು. ಲಸಿಕೆಯ ಬಗ್ಗೆ ನನ್ನ ತಕರಾರಿಲ್ಲ, ಅದು ಒಳ್ಳೆಯದೇ. ಆ ಮಕ್ಕಳಲ್ಲಿ ಆದ ಸಾವುಗಳಿಗೂ ಲಸಿಕೆಗೂ ನಂಟು ಕಾಣಲಿಲ್ಲವೆಂದು ತನಿಖೆ ಹೇಳಿದೆ. ನನಗೆ ಕಾಣುವುದು ಆ ವಾರ್ಡನ್. ಸಂಜೆ ಐದಕ್ಕೆ ಮಕ್ಕಳಿಗೆ ಅನ್ನ ಸಾರಿನ ಚಿಂತೆ, ಮೇಜಿನ ಮೇಲೆ ಫಾರಂಗಳ ಕಟ್ಟು, 'ಪೋಷಕರು' ಎಂಬ ಕಡೆ ಒಂದರ ಹಿಂದೊಂದು ಸಹಿ ಎಳೆಯುವ ಕೈ. ಆ ಕೈಯ ಪರಿಚಯ ನನಗೆ ಚೆನ್ನಾಗಿಯೇ ಇದೆ.

ಏಕೆಂದರೆ ನನ್ನದೂ ಅದೇ ಕೈ. ಸಾಲದ ಕಾಗದಗಳಿಗೆ ನಾನು ಹಾಕಿದ ಸಾಕ್ಷಿಗೆ ಲೆಕ್ಕವಿಲ್ಲ. 'ಓದಿ ಹೇಳಿ, ತಿಳಿದು, ಯಾರ ಒತ್ತಾಯವೂ ಇಲ್ಲದೆ' ಎಂದು ಅಚ್ಚಾದ ಸಾಲಿನ ಕೆಳಗೆ ಓದಿಯೂ ಹೇಳದೆ ಸಹಿ ಮಾಡಿದ್ದೇನೆ. ಗಂಡಸರಾದರೆ ಎಡಗೈ, ಹೆಂಗಸರಾದರೆ ಬಲಗೈ ಎಂಬುದರಲ್ಲಿ ಮಾತ್ರ ಒಮ್ಮೆಯೂ ತಪ್ಪಿಲ್ಲ. ಒಬ್ಬ ಹೆಂಗಸು ಮೈದುನನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಒತ್ತಿ, ತಾನೊತ್ತಿದ್ದು ಪಡಿತರದ ಕಾಗದಕ್ಕೆ ಎಂದುಕೊಂಡಿದ್ದಳು. ನೋಟಿಸು ಹಿಡಿದು ಬಂದ ದಿನ ನನ್ನ ಕೌಂಟರಿನ ಮುಂದೆಯೇ ನಿಂತಿದ್ದಳು, ಸಾಕ್ಷಿಯ ಹೆಸರು ನನ್ನದೆಂದು ಗೊತ್ತಿಲ್ಲದೆ. ನಾನೂ ಹೇಳಲಿಲ್ಲ.

ಇದಕ್ಕೂ ಹಳೆಯ ಕಾಗದವೊಂದಿದೆ. 1900ರಲ್ಲಿ ಕ್ಯೂಬಾದಲ್ಲಿ ಅಮೆರಿಕದ ಸೇನಾ ವೈದ್ಯ ವಾಲ್ಟರ್ ರೀಡ್ ಹಳದಿ ಜ್ವರ ಸೊಳ್ಳೆಯಿಂದ ಬರುತ್ತದೆಂದು ತೋರಿಸಲು ಸ್ಪೇನಿನಿಂದ ಬಂದ ಕೂಲಿಗಳ ಮೇಲೆ ಪ್ರಯೋಗ ಮಾಡಿದ. ಅವರ ಜೊತೆ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಕರಾರು ಬರೆಸಿಕೊಂಡ. ಪ್ರಾಣಕ್ಕೆ ಅಪಾಯವಿದೆ ಎಂದು ಅದರಲ್ಲಿ ನೇರವಾಗಿಯೇ ಇತ್ತು. ನೂರು ಡಾಲರ್ ಚಿನ್ನದ ನಾಣ್ಯದಲ್ಲಿ, ಜ್ವರ ಬಂದರೆ ಇನ್ನೂ ನೂರು. ಜನರ ಭಾಷೆಯಲ್ಲೇ ಬರೆಸಿದ್ದಕ್ಕೆ ಇಂದಿಗೂ ಅದನ್ನು ಹೊಗಳುತ್ತಾರೆ. ಆದರೆ ನಡುವೆ ಶಿಬಿರ ಬಿಟ್ಟು ಹೋದರೆ ಹಣ ಇಲ್ಲ ಎಂಬ ಷರತ್ತೂ ಅದರಲ್ಲಿತ್ತು. ಬೇಡ ಎನ್ನುವುದಕ್ಕೆ ಅಲ್ಲೂ ಜಾಗವಿರಲಿಲ್ಲ, ದಂಡವಿತ್ತು.

ಹುಡುಗಿ ಕೊನೆಗೆ ಸ್ಟೂಲು ಎಳೆದುಕೊಂಡು ಯಜಮಾನರ ಎದುರು ಕೂತಳು. ಒತ್ತಿದ್ದ ಕಾಗದಕ್ಕೆ ಅಡ್ಡಗೆರೆ ಎಳೆದು, ತಾರೀಕು ಬರೆದು, ಫೈಲಿನಲ್ಲೇ ಇಟ್ಟಳು, ಹರಿಯುವ ಹಾಗಿಲ್ಲವಂತೆ. ಕಂಪ್ಯೂಟರು ಗುಂಪು ಹಂಚುತ್ತದೆ ಎಂದಾಗ ಯಜಮಾನರು ಸುಮ್ಮನೆ ತಲೆಯಾಡಿಸಿದರು. "ಚೀಟಿ ಎತ್ತುತ್ತಾರೆ, ಯಾರ ಹೆಸರು ಯಾವ ಗುಂಪಿಗೆ ಬರುತ್ತದೋ ಡಾಕ್ಟರಿಗೂ ಗೊತ್ತಿರುವುದಿಲ್ಲ" ಎಂದು ನಾನು ಬಾಯಿ ಹಾಕಿದೆ. ತಟ್ಟನೆ ತಲೆ ಎತ್ತಿದರು. "ಹಾಗಾದರೆ ನನಗೆ ಯಾವುದು ಒಳ್ಳೆಯದು ಅಂತ ಅವರು ನೋಡಿ ಕೊಡುವುದಲ್ಲ?" ಅಲ್ಲಿಯವರೆಗೆ, ಡಾಕ್ಟರು ತಮಗೆಂದೇ ಆರಿಸಿದ ಹೊಸ ಮಾತ್ರೆ ಎಂದುಕೊಂಡಿದ್ದರು. ಹದಿನಾಲ್ಕು ಪುಟಗಳಲ್ಲಿ ಅವರಿಗೆ ಬೇಕಾಗಿದ್ದದ್ದು ಇದೊಂದೇ ಸಾಲು.

ಇಪ್ಪತ್ತು ನಿಮಿಷ ಹಿಡಿಯಿತು. ಬಸ್ಸಿನ ಖರ್ಚು ಯಾರು ಕೊಡುತ್ತಾರೆ, ರಕ್ತ ಎಷ್ಟು ಸಲ ತೆಗೆಯುತ್ತಾರೆ, ನಡುವೆ ಬಿಟ್ಟರೆ ಡಾಕ್ಟರು ಕೋಪಿಸಿಕೊಳ್ಳುವುದಿಲ್ಲವೇ ಎಂದೆಲ್ಲ ಕೇಳಿದರು. ಕೋಪಿಸಿಕೊಳ್ಳುವುದಿಲ್ಲ ಎಂಬುದನ್ನು ಮೂರು ಸಲ ಹೇಳಿಸಿಕೊಂಡರು. ಕೊನೆಗೆ, "ಮಗಳನ್ನು ಕೇಳಿ ಗುರುವಾರ ಬರುತ್ತೇನೆ" ಎಂದರು. ಹುಡುಗಿ ಮುಖ ಸಣ್ಣದಾದರೂ ಸರಿ ತಾತ ಎಂದಳು. ಯಜಮಾನರು ಹೆಬ್ಬೆಟ್ಟಿನ ಮಸಿಯನ್ನು, ನಮ್ಮ ಕಡೆ ಎಲ್ಲರೂ ಮಾಡುವಂತೆ, ತಲೆಗೂದಲಿಗೆ ಒರೆಸಿಕೊಂಡರು. ಬೆಳ್ಳಗಿನ ಕೂದಲಲ್ಲಿ ಕಿವಿಯ ಮೇಲೆ ಒಂದು ನೀಲಿ ಗೆರೆ ಉಳಿಯಿತು.

ಹೆಂಡತಿಗೆ ಹೇಳಿದರೆ, "ಬಡವರಿಗೆ ಪುಕ್ಕಟೆ ಮಾತ್ರೆ, ಪುಕ್ಕಟೆ ರಕ್ತಪರೀಕ್ಷೆ. ತಪ್ಪಿಸಿ ಬಂದಿರಾ?" ಎಂದಳು. ಇದ್ದರೂ ಇರಬಹುದು. ನಾನು ದಿನಾ ರಾತ್ರಿ ನುಂಗುವ ಬಿಪಿ ಮಾತ್ರೆಯೂ ಯಾರ್ಯಾರದೋ ಸಹಿ, ಹೆಬ್ಬೆಟ್ಟು ದಾಟಿಯೇ ನನ್ನ ತಟ್ಟೆಗೆ ಬಂದದ್ದು.

ಹೇಳದೆ ಉಳಿಸಿಕೊಂಡದ್ದು ಒಂದಿದೆ. ಆ ಫಾರಮಿನಲ್ಲಿ ವಿದ್ಯಾರ್ಹತೆ, ಉದ್ಯೋಗ, ವರ್ಷದ ಆದಾಯ ಎಲ್ಲ ಆದ ಮೇಲೆ ನಾಮಿನಿಯ ಹೆಸರು, ವಿಳಾಸ, ಸಂಬಂಧ ಎಂದಿದೆ. ಹುಡುಗಿ ಅಲ್ಲಿ ಯಜಮಾನರ ಹೆಂಡತಿಯ ಹೆಸರು ತುಂಬಿದ್ದಳು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಅಧ್ಯಯನದಿಂದ ಮರಣ ಸಂಭವಿಸಿದರೆ ಪರಿಹಾರಕ್ಕಾಗಿ ಎಂದಿತ್ತು. ಕಾನೂನಿನ ಪ್ರಕಾರ ಇರಬೇಕಾದದ್ದೇ. ಆ ಮಾತ್ರೆಯಿಂದ ಅಂಥದ್ದಾಗುವುದು ಅಪರೂಪವೂ ಹೌದು. ಇಪ್ಪತ್ತು ನಿಮಿಷದಲ್ಲಿ ಹುಡುಗಿ ಆ ಸಾಲಿನ ಮೇಲೆ ಬೆರಳಿಡಲಿಲ್ಲ. ನಾನು ನೋಡಿಯೂ ನೆನಪಿಸಲಿಲ್ಲ.

ಗೇಟಿನ ಬಳಿ ಬಸ್ಸಿಗೆ ಕಾಯುತ್ತಿದ್ದವರು ನನ್ನನ್ನು ಕಂಡು ಹತ್ತಿರ ಬಂದರು. "ಸ್ವಾಮಿ, ಎಲ್ಲ ಹೇಳಿದಿರಿ. ನಮ್ಮ ಮನೆಯವಳ ಹೆಸರು ಯಾಕೆ ಬರೆಸಿಕೊಂಡರು? ಅವಳಿಗೆ ಸಕ್ಕರೆ ಇಲ್ಲವಲ್ಲ."

"ಅದು ಸುಮ್ಮನೆ ಫಾರ್ಮಾಲಿಟಿ, ಯಜಮಾನರೇ" ಎಂದುಬಿಟ್ಟೆ. "ಬ್ಯಾಂಕಿನಲ್ಲೂ ಬರೆಸಿಕೊಳ್ಳುತ್ತೇವಲ್ಲ, ಹಾಗೆ."

ಸಿರಾ ಬಸ್ಸು ಬಂತು. ಹತ್ತಿ, ಕಿಟಕಿಯಿಂದ ಕೈಮುಗಿದರು. ಗುರುವಾರ ಎಂದರೆ ನಾಳೆ. ನಾಳೆ ಆಸ್ಪತ್ರೆಯಲ್ಲಿ ನಮಗೆ ಯಾವ ಕೆಲಸವೂ ಇಲ್ಲ ಎಂದು ಹೆಂಡತಿ ಆಗಲೇ ಎರಡು ಸಲ ಹೇಳಿದ್ದಾಳೆ.