ಎದುರು ಮನೆಯ ದೀಪ

ಕಳೆದ ವಾರ ಎದುರು ಮನೆಯ ಅಜ್ಜಿ ಬಾಗಿಲು ಬಡಿದು, ಕಾಗದದಲ್ಲಿ ಸುತ್ತಿದ ಎರಡು ಕಿಪ್ಪರ್ ಮೀನು ನನ್ನ ಕೈಗಿಟ್ಟು "ಥ್ಯಾಂಕ್ಯೂ ಲವ್" ಅಂದರು. ಈ ಕಡೆಯವರು ಎಲ್ಲರನ್ನೂ ಹಾಗೆಯೇ ಕರೆಯುವುದು. ಯಾತಕ್ಕೆ ಥ್ಯಾಂಕ್ಯೂ ಅಂತ ಕೇಳಿದೆ. "ಹನ್ನೊಂದು ವರ್ಷದ ಮೇಲೆ ಜನವರಿಯಲ್ಲಿ ನನ್ನ ಎದುರಿಗೊಂದು ದೀಪ ಕಾಣ್ತಾ ಇದೆ. ಸಂಜೆ ಪರದೆ ಎಳೆಯಲು ಮನಸ್ಸೇ ಬರುವುದಿಲ್ಲ" ಅಂದರು.

ನಾನು ಅಡುಗೆಮನೆಯ ಬಲ್ಬು ಹಾಕಿದ್ದೆ, ಅಷ್ಟೇ.

ನಾವಿರುವುದು ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯ ವಿಟ್ಬಿಯಲ್ಲಿ. ಗುಡ್ಡದ ಮೇಲೆ ಪಾಳುಬಿದ್ದ ಹಳೆಯ ಆಶ್ರಮ, ಅಲ್ಲಿಗೆ ಹತ್ತಲು 199 ಮೆಟ್ಟಿಲು, ಕೆಳಗೆ ಎಸ್ಕ್ ನದಿ ಸಮುದ್ರ ಸೇರುವ ಬಂದರು. ಬೇಸಿಗೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಈಗ ನಾಲ್ಕು ಗಂಟೆಯ ಹೊತ್ತಿಗೆ ಕತ್ತಲಾದರೆ ನಮ್ಮ ಓಣಿಯಲ್ಲಿ ಕಡಲಕಾಗೆಗಳ ಕೂಗು ಬಿಟ್ಟರೆ ಏನೂ ಇಲ್ಲ. ಓಣಿಯಲ್ಲಿ ಏಳು ಮನೆ. ಐದರ ಬಾಗಿಲ ಪಕ್ಕದಲ್ಲಿ ನಂಬರ್ ಒತ್ತಿ ತೆಗೆಯುವ ಪುಟ್ಟ ಕೀಲಿ ಡಬ್ಬಿ. ಅದಿದ್ದರೆ ಆ ಮನೆ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವುದು ಅಂತ ಅರ್ಥ. ಮನೆ ನೋಡಲು ಬಂದ ದಿನ ನನಗೆ ಅದು ಗೊತ್ತಿರಲಿಲ್ಲ. ಎಲ್ಲರೂ ಕೀಲಿ ಮರೆಯುವವರು ಅಂದುಕೊಂಡಿದ್ದೆ.

ಮನೆ ಕೊಳ್ಳುವ ಕಥೆ ಉದ್ದ. ಇಲ್ಲಿ ನಾವು ಹೇಳಿದ ಬೆಲೆಗೆ ಮಾರುವವರು ಒಪ್ಪಿದರೂ, ವಕೀಲರು ಕರಾರು ಪತ್ರ ಅದಲುಬದಲು ಮಾಡುವವರೆಗೆ ಯಾರೂ ಯಾರಿಗೂ ಕಟ್ಟುಬಿದ್ದಿಲ್ಲ. ನಾವು ಮೊದಲು ಮೆಚ್ಚಿದ ಮನೆ ಹಾಗೆಯೇ ಕೈತಪ್ಪಿತು. ಮನೆ ಗಟ್ಟಿಯಿದೆಯೇ ಎಂದು ನೋಡುವ ಸರ್ವೆಗೆ ಕೊಟ್ಟ ದುಡ್ಡೂ ಹೋಯಿತು. ಯಾರೋ ರಜೆಗೆ ಬರಲು ಇನ್ನೊಂದು ಮನೆ ಬೇಕೆಂದು ಹೆಚ್ಚು ಕೊಟ್ಟರಂತೆ. ಆ ರಾತ್ರಿ ನಾನು ಅತ್ತುಬಿಟ್ಟೆ.

ಇಲ್ಲಿನ ಮಕ್ಕಳಿಗೂ ಇದೇ ಪಾಡು. ಹುಟ್ಟಿದ ಊರಲ್ಲಿ ಮನೆ ಕೊಳ್ಳಲಾಗದೆ ಬೇರೆಡೆ ಹೋಗುತ್ತಾರೆ. 2022ರ ಜೂನ್‌ನಲ್ಲಿ ಊರಿನವರು ಮತ ಹಾಕಿದ್ದರು: ಇನ್ನು ಕಟ್ಟುವ ಹೊಸ ಮನೆಗಳು ವರ್ಷವಿಡೀ ಇಲ್ಲೇ ಇರುವವರಿಗೆ ಮಾತ್ರ ಸಿಗಬೇಕೇ ಅಂತ. ಬೇಕು ಅಂದವರು 2,111, ಬೇಡ ಅಂದವರು 157. ಆ ಮತಕ್ಕೆ ಕಾನೂನಿನ ಬಲವಿರಲಿಲ್ಲ, ಆದರೂ ಊರು ಬಾಯಿಬಿಟ್ಟು ಹೇಳಿತು. 2025ರ ಏಪ್ರಿಲ್‌ನಿಂದ ಎರಡನೇ ಮನೆ ಇಟ್ಟುಕೊಂಡವರಿಗೆ ಕೌನ್ಸಿಲ್ ಟ್ಯಾಕ್ಸ್ ಅನ್ನುವ ಮನೆ ತೆರಿಗೆ ದುಪ್ಪಟ್ಟಾಗಿದೆ. ನಮ್ಮ ಕಡೆ ಕಡಲ ಬದಿಯ ತೆಂಗಿನ ತೋಟಗಳು ಒಂದೊಂದಾಗಿ ಪೇಟೆಯವರ ಗೇಟಿನ ಹಿಂದೆ ಹೋಗುವಾಗ ಯಾರಾದರೂ ಹೀಗೆ ಊರನ್ನು ಕೇಳಿದ್ದಾರಾ?

ಕಿಪ್ಪರ್ ಅಂದರೆ ಹೆರಿಂಗ್ ಮೀನನ್ನು ಸೀಳಿ, ಉಪ್ಪು ಹಿಡಿಸಿ, ಕಟ್ಟಿಗೆಯ ಹೊಗೆ ಕೊಟ್ಟದ್ದು. ಅದನ್ನು ಕಾವಲಿಯ ಮೇಲೆ ಇಟ್ಟೆ. ವಾಸನೆ ಎದ್ದದ್ದೇ ತಡ, ನಾನು ಕುಂದಾಪುರದ ಹತ್ತಿರದ ನಮ್ಮೂರು ಗಂಗೊಳ್ಳಿಯಲ್ಲಿದ್ದೆ. ಜೂನ್ ಬಂದರೆ ಬೋಟುಗಳು ಎರಡು ತಿಂಗಳು ದಡ ಸೇರುವವು. ಹೊರಗೆ ಜಡಿಮಳೆ, ಒಳಗೆ ಅಮ್ಮ ಕೆಂಡದಲ್ಲಿ ಒಣಮೀನು ಸುಡುವಳು, ಅಪ್ಪ ಚಾವಡಿಯಲ್ಲಿ ಗಂಜಿಗೆ ಕಾಯುತ್ತಾ ಕೂರುವರು. ಚಾವಡಿಯ ಬಲ್ಬು ಅಪ್ಪನೇ ಹಾಕಬೇಕು, ಅಪ್ಪನೇ ಆರಿಸಬೇಕು. ಕಡಲಿಗೆ ಹೋದವರಿಗೆ ದಡದಲ್ಲಿ ಬೆಳಕು ಕಾಣಲಿ ಅನ್ನುವರು. ನಲವತ್ತು ವ್ಯಾಟಿನ ಆ ಬಲ್ಬು ಕಡಲಿಗೆ ಕಾಣುತ್ತಿತ್ತೋ ಇಲ್ಲವೋ.

ಅಪ್ಪ ಹೋದ ಮೇಲೆ ಅಮ್ಮ ಅಣ್ಣನ ಜೊತೆ ಬೆಂಗಳೂರಿಗೆ ಬಂದಳು. ತವರಿಗೆ ಬೀಗ. ನಾನು ಎರಡು ವರ್ಷಕ್ಕೊಮ್ಮೆ ಭಾರತಕ್ಕೆ ಬಂದರೂ ಬೆಂಗಳೂರಿನಿಂದಲೇ ವಾಪಸ್ಸು. ಮಾರುವುದು ಬೇಡ ಅಂತ ಹಟ ಹಿಡಿದವಳು ನಾನೇ. ಹಾಗಾದರೆ ಗಂಗೊಳ್ಳಿಯಲ್ಲಿ ಕೀಲಿ ಡಬ್ಬಿಯ ಮನೆ ನನ್ನದೇ ಅಲ್ಲವೇ? ಪಕ್ಕದ ಮನೆಯ ಚಿಕ್ಕಿ ತುಳಸಿಕಟ್ಟೆಗೆ ದಿನವೂ ಹಣತೆ ಇಡುತ್ತಾರೆ. ಅವರ ಎದುರಿಗೂ ಕತ್ತಲೆಯೇ ಇರುವುದು ಎಂದು ಎದುರು ಮನೆಯ ಅಜ್ಜಿ ಹೇಳುವವರೆಗೆ ನನಗೆ ಹೊಳೆಯಲೇ ಇಲ್ಲ.

ಮರುದಿನ ಇಲ್ಲಿ ಮಧ್ಯಾಹ್ನ ಒಂದು, ಅಲ್ಲಿ ಮುಸ್ಸಂಜೆ ಆರೂವರೆ. ಚಿಕ್ಕಿಗೆ ಫೋನ್ ಮಾಡಿದೆ. ಕೀಲಿ ಅವರ ಹತ್ತಿರವೇ ಇದೆ. ದಿನಾ ಸಂಜೆ ಚಾವಡಿಯ ಲೈಟೊಂದು ಹಾಕುತ್ತೀರಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಮಗಾ, ಲೈನ್‌ಮ್ಯಾನ್ ಫ್ಯೂಸ್ ತೆಕ್ಕಂಡ್ ಹೋಯಿ ಎರಡ್ ವರ್ಷ ಆಯ್ತಲೆ. ನಿಂಗ್ ಗೊತ್ತಿಲ್ಯಾ?"

ಅಣ್ಣನನ್ನು ಕೇಳಿದೆ. ಬಿಲ್ ಕಟ್ಟುವುದು ಮರೆತೇ ಹೋಗಿತ್ತಂತೆ. ಬಾಕಿ ಎಷ್ಟೆಂದು ವಿಚಾರಿಸುತ್ತೇನೆ ಅಂದಿದ್ದಾನೆ. ಮೀಟರ್ ಇನ್ನೂ ಅಪ್ಪನ ಹೆಸರಲ್ಲೇ ಇದೆಯಂತೆ.