ಸೆಮಿ ಹೈಡ್ರೋ ಆರ್ಕಿಡ್‌ಗೆ ಸರಿಯಾದ ಡಬ್ಬಿ ಹುಡುಕೋದು: ಇಲ್ಲಿವರೆಗಿನ ಅಪ್ಡೇಟ್

ಫೆಬ್ರವರಿ

ಬಾಲ್ಕನಿ ಆರ್ಕಿಡ್‌ಗಳನ್ನ ತೊಗಟೆ, ಇದ್ದಿಲಿಂದ ಎತ್ತಿ ಲೆಕಾ ಅನ್ನೋ ಜೇಡಿಮಣ್ಣಿನ ಗುಂಡುಗಳಿಗೆ, ಅಂದ್ರೆ ಸೆಮಿ ಹೈಡ್ರೋ ಪದ್ಧತಿಗೆ, ಹಾಕೋದು ಅಂತ ಈ ಸಲ ಗಟ್ಟಿ ಮಾಡ್ಕೊಂಡಿದೀನಿ. ಬೆಂಗಳೂರಲ್ಲಿ ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡೋಗಿದ್ದೇ ತಡ, ಗಾಳಿ ಎಷ್ಟು ಒಣಗತ್ತೆ ಅಂದ್ರೆ ಬೆಳಿಗ್ಗೆ ನೀರು ಹಾಕಿದ ತೊಗಟೆ ಸಂಜೆಗೆ ಗರಿಗರಿ ಆಗಿರತ್ತೆ, ಅದೇ ಜೂನ್ ಜುಲೈಲಿ ಅದೇ ತೊಗಟೆ ವಾರಗಟ್ಲೆ ಒದ್ದೆಯಾಗೇ ಇದ್ದು ಬೇರು ಕೊಳೆಯತ್ತೆ. ಎರಡೂ ಕಾಲಕ್ಕೆ ಒಂದೇ ಥರ ನಡೆಯೋ ವ್ಯವಸ್ಥೆ ಬೇಕಿತ್ತು.

ಸೆಮಿ ಹೈಡ್ರೋ ಅಂದ್ರೆ ಏನು ಅಂತ ಹೊಸಬರಿಗೆ ಎರಡೇ ಮಾತಲ್ಲಿ ಹೇಳ್ತೀನಿ. ಅಮೆರಿಕದ ರೇ ಬಾರ್ಕಲೋ ಅನ್ನೋರು ಆರ್ಕಿಡ್ ಬೆಳೆಯೋರ ಮಧ್ಯ ಜನಪ್ರಿಯ ಮಾಡಿದ ಪದ್ಧತಿ ಇದು. ಡಬ್ಬಿ ತಳಕ್ಕೆ ತೂತು ಇರಲ್ಲ, ತಳದಿಂದ ಒಂದು ಇಂಚು ಮೇಲೆ ಪಕ್ಕದಲ್ಲಿ ತೂತು ಇರತ್ತೆ. ಡಬ್ಬಿ ತುಂಬ ಲೆಕಾ, ಅಂದ್ರೆ ಸುಟ್ಟ ಜೇಡಿಮಣ್ಣಿನ ಹಗುರ ಗುಂಡುಗಳು, ನರ್ಸರಿಗಳಲ್ಲಿ ಕ್ಲೇ ಬಾಲ್ಸ್ ಅಂತ ಕೇಳಿದ್ರೆ ಕೊಡ್ತಾರೆ. ಮೇಲಿಂದ ನೀರು ಸುರಿದ್ರೆ ಹೆಚ್ಚಾಗಿದ್ದೆಲ್ಲ ಪಕ್ಕದ ತೂತಿಂದ ಆಚೆ ಹೋಗತ್ತೆ, ಕೆಳಗಿನ ಒಂದು ಇಂಚು ನೀರು ಮಾತ್ರ ಉಳಿಯತ್ತೆ, ಅದನ್ನ ಗುಂಡುಗಳು ನಿಧಾನಕ್ಕೆ ಮೇಲಕ್ಕೆ ಎಳ್ಕೋತವೆ, ಗುಂಡುಗಳ ಸಂದಿಲಿ ಗಾಳಿ ಆಡ್ತಾನೇ ಇರತ್ತೆ. ಆರ್ಕಿಡ್ ಬೇರಿಗೆ ಬೇಕಾಗಿರೋದೇ ಇದು, ತೇವ ಮತ್ತು ಗಾಳಿ ಎರಡೂ ಒಟ್ಟಿಗೆ.

ಲೆಕಾ ಸಿಗ್ತು, ಗೊಬ್ಬರ ಸಿಗ್ತು, ಆದ್ರೆ ಡಬ್ಬಿ? ಈ ಪದ್ಧತಿಗೆ ಅಂತಾನೇ ಮಾಡಿದ ಕುಂಡ ಇಲ್ಲಿನ ನರ್ಸರಿಗಳಲ್ಲಿ ನನ್ ಕಣ್ಣಿಗಂತೂ ಬಿದ್ದಿಲ್ಲ. ನರ್ಸರಿ ಕುಂಡ ಅಂದ್ರೆ ತಳದಲ್ಲಿ ತೂತು ಇದ್ದೇ ಇರತ್ತೆ. ಸೆಲ್ಫ್ ವಾಟರಿಂಗ್ ಅಂತ ಮಾರೋ ಕುಂಡಗಳಲ್ಲಿ ದಾರ ಇಳಿಬಿಟ್ಟಿರ್ತಾರೆ, ಗಿಡ ಮೇಲಿನ ಬುಟ್ಟಿಲಿ, ನೀರು ಕೆಳಗೆ ಬೇರೆ ಕಡೆ. ಮಣ್ಣಿನ ಗಿಡಕ್ಕೆ ಅದು ಚೆನ್ನಾಗಿದೆ, ಆದ್ರೆ ದಾರ ಬಂದು ಒಂದು ಗುಂಡಿಗೋ ಎರಡು ಗುಂಡಿಗೋ ತಾಗಿರತ್ತೆ ಅಷ್ಟೇ, ಲೆಕಾ ಪೂರ್ತಿ ತೇವ ಆಗಲ್ಲ. ಹಾಗಾಗಿ ಡಬ್ಬಿ ನಾವೇ ಮಾಡ್ಕೋಬೇಕು ಅಂತಾಯ್ತು.

ಮಾರ್ಚ್

ಚಿಕ್ಕಪೇಟೆ ಕಡೆ ಪ್ಲಾಸ್ಟಿಕ್ ಅಂಗಡಿ ಸಾಲಲ್ಲಿ ಸುತ್ತಾಡ್ಕೊಂಡು ಬಂದೆ. ಅಲ್ಲಿ ಏನು ಬೇಕಾದ್ರೂ ಸಿಗತ್ತೆ, ಅದಕ್ಕೇ ಏನು ಬೇಕು ಅಂತ ಮೊದಲೇ ತಲೇಲಿಟ್ಕೊಂಡು ಹೋಗ್ಬೇಕು. ನಾನು ಕೈಲಿ ಹಿಡಿದು ಮೊದಲು ತಿರುಗಿಸಿ ನೋಡ್ತಿದ್ದಿದ್ದು ಡಬ್ಬಿ ತಳ. ಅಲ್ಲಿ ಪುಟ್ಟ ತ್ರಿಕೋನದೊಳಗೆ ಒಂದು ನಂಬರ್ ಇರತ್ತೆ. 5 ಅಂದ್ರೆ ಪಾಲಿಪ್ರೊಪಿಲೀನ್, ಹೋಟೆಲಿಂದ ಸಾಂಬಾರ್ ಪಾರ್ಸೆಲ್ ಬರತ್ತಲ್ಲ ಆ ಹಾಲುಬಣ್ಣದ ಅರೆಪಾರದರ್ಶಕ ಡಬ್ಬಿ. 1 ಅಂದ್ರೆ ಪೆಟ್, ಬಿಸ್ಕತ್ತು ಚಕ್ಕುಲಿ ಮಾರೋ ಗಾಜಿನಂಥ ಜಾರ್. 6 ಅಂದ್ರೆ ಪಾಲಿಸ್ಟೈರೀನ್, ನೋಡಕ್ಕೆ ಫಳಫಳ, ಆದ್ರೆ ತೂತು ಮಾಡಕ್ಕೆ ಹೋದ್ರೆ ಚಟ್ ಅಂತ ಬಿರುಕು ಬಿಡತ್ತೆ, ಅದನ್ನ ಮುಟ್ಟಲೇಬೇಡಿ.

ತೂತು ಮಾಡಕ್ಕೆ ನಾನು ಬಳಸೋದು ಎಲೆಕ್ಟ್ರಾನಿಕ್ಸ್ ಕೆಲಸದ ಸೋಲ್ಡರಿಂಗ್ ಐರನ್. 5ನೇ ನಂಬರ್ ಡಬ್ಬಿಗೆ ಬಿಸಿ ತುದಿ ಮುಟ್ಟಿಸಿದ್ರೆ ಪ್ಲಾಸ್ಟಿಕ್ ಮೆತ್ತಗಾಗಿ ಪಕ್ಕಕ್ಕೆ ಸರಿಯತ್ತೆ, ತೂತಿನ ಸುತ್ತ ದಪ್ಪ ಉಂಗುರ ಥರ ಅಂಚು ಉಳಿಯತ್ತೆ, ಆ ಅಂಚೇ ಮುಂದೆ ಬಿರುಕು ಬಿಡದಂಗೆ ಕಾಯತ್ತೆ. ಒಳಗಡೆ ಚೂಪಾಗಿ ಎದ್ದಿರೋ ಪ್ಲಾಸ್ಟಿಕ್ಕನ್ನ ಬ್ಲೇಡಲ್ಲಿ ಕೆರೆದು ಹಾಕಿ, ಇಲ್ಲಾಂದ್ರೆ ಹೊಸ ಬೇರಿನ ತುದಿಗೆ ಗಾಯ ಆಗತ್ತೆ. ಪೆಟ್ ಜಾರ್ ಮಾತ್ರ ಹಿಂಗಲ್ಲ, ಬಿಸಿಗೆ ಬೆಳ್ಳಗೆ ಸುಕ್ಕಾಗಿ ಸೊಟ್ಟಗಾಗತ್ತೆ, ಅದಕ್ಕೆ ಸಣ್ಣ ಡ್ರಿಲ್ ಬಿಟ್ ಹಾಕಿ ನಿಧಾನಕ್ಕೆ ಕೊರೀಬೇಕು. ಏನೇ ಮಾಡಿದ್ರೂ ಬಾಲ್ಕನಿಲಿ ಕೂತು ಮಾಡಿ, ಆ ಹೊಗೆ ಮನೆಯೊಳಗೆ ಬೇಡ.

ತೂತಿನ ಅಳತೆ ಆರು ಮಿಲಿಮೀಟರ್ ಸುತ್ತಮುತ್ತ. ನನ್ನ ಹತ್ರ ಇರೋ ಗುಂಡು 8ರಿಂದ 16 ಮಿಲಿಮೀಟರಿನವು, ಅವು ಆಚೆ ಉದುರಲ್ಲ. ಒಂದೇ ತೂತು ಸಾಲಲ್ಲ, ಒಂದೇ ಮಟ್ಟದಲ್ಲಿ ಎರಡು ಬೇಕು, ಯಾಕಂದ್ರೆ ಒಂದಕ್ಕೆ ಗುಂಡೋ ಬೇರೋ ಅಡ್ಡ ಕೂತ್ರೆ ನೀರು ಹೋಗಕ್ಕೆ ಇನ್ನೊಂದಾದ್ರೂ ಇರಲಿ ಅಂತ. ಎರಡನ್ನೂ ಒಂದೇ ಪಕ್ಕಕ್ಕೆ ಹತ್ತಿರ ಹತ್ತಿರ ಮಾಡಿದ್ರೆ ನೀರು ಒಂದೇ ಕಡೆಗೆ ಬೀಳತ್ತೆ, ಸಿಂಕಲ್ಲಿ ಇಟ್ಟು ನೀರು ಹಾಕೋರಿಗೆ ಅದು ಎಷ್ಟು ಅನುಕೂಲ ಅಂತ ಮಾಡಿ ನೋಡಿದ್ರೇ ಗೊತ್ತಾಗೋದು.

ಏಪ್ರಿಲ್

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಎಲ್ಲರೂ ಪಾರದರ್ಶಕ ಇರಬೇಕಾ, ಕಪ್ಪಗಿರಬೇಕಾ ಅಂತಾನೇ ಚರ್ಚೆ ಮಾಡ್ತಾರೆ, ನನ್ನ ಪ್ರಕಾರ ಅದಕ್ಕಿಂತ ದೊಡ್ಡದು ಡಬ್ಬಿ ಆಕಾರ. ಲೆಕಾ ಒದ್ದೆ ಇದ್ರೆ ಗಾಢ ಕಂದು, ಒಣಗಿದ್ರೆ ಮಸುಕು ಇಟ್ಟಿಗೆ ಬಣ್ಣ, ಹಾಗಾಗಿ ಪಾರದರ್ಶಕ ಡಬ್ಬಿಲಿ ನೀರು ಎಲ್ಲಿವರೆಗೆ ಹತ್ತಿದೆ ಅಂತ ಗೆರೆ ಎಳೆದಂಗೆ ಕಾಣತ್ತೆ. ಉದ್ದನೆ ಬಿಸ್ಕತ್ತು ಜಾರಲ್ಲಿ ಏಪ್ರಿಲ್ ಬಿಸಿಲಿಗೆ ಆ ಗೆರೆ ತಳದಿಂದ ನಾಲ್ಕೈದು ಇಂಚಿಗೆ ನಿಂತುಬಿಡತ್ತೆ, ಅದರ ಮೇಲಿರೋ ಗುಂಡೆಲ್ಲ ಒಣ ಒಣ. ಫೆಲನಾಪ್ಸಿಸ್ ಅನ್ನೋ ಆರ್ಕಿಡ್ ಜಾತಿಗೆ ಹೊಸ ಬೇರು ಹೊರಡೋದು ಮೇಲಿಂದ, ಎಲೆ ಬುಡದಿಂದ, ಆ ಎಳೆ ತುದಿ ಒಣ ಗುಂಡಿಗೆ ತಾಗಿದ್ರೆ ಅಲ್ಲೇ ನಿಂತೋಗತ್ತೆ. ಅದೇ ಗಿಡ, ಅದೇ ಗುಂಡು, ನಾಲ್ಕೂವರೆ ಇಂಚು ಎತ್ತರದ ಅಗಲ ಡಬ್ಬಿಲಿ ಮೇಲಿನ ಸಾಲಿನವರೆಗೂ ತೇವ ಇರತ್ತೆ. ಉದ್ದ ಡಬ್ಬಿನೇ ಬೇಕು ಅನ್ನೋರು ಸಣ್ಣ ಗುಂಡು ಹುಡುಕ್ಕೊಳಿ, ಗುಂಡು ಸಣ್ಣದಾದಷ್ಟೂ ನೀರು ಇನ್ನಷ್ಟು ಮೇಲಕ್ಕೆ ಹತ್ತತ್ತೆ, ಆದ್ರೆ ಗಾಳಿ ಕಮ್ಮಿ ಆಗತ್ತೆ.

ಅಗಲ ಇದ್ರೆ ಇನ್ನೊಂದು ಲಾಭ, ಗಿಡ ಬೀಳಲ್ಲ. ಲೆಕಾ ಹಗುರ, ಎತ್ತರದ ಡೆಂಡ್ರೋಬಿಯಂ ಹೂ ಬಿಟ್ಟಾಗ ತಲೆಭಾರ ಆಗಿ ಒಂದು ಗಾಳಿಗೆ ಮಲಗತ್ತೆ. ಅಂಥ ಗಿಡದ ಡಬ್ಬಿನ ನಾನು ಭಾರದ ಪಿಂಗಾಣಿ ಕುಂಡದೊಳಗೆ ಇಳಿಸಿಡ್ತೀನಿ. ಒಳಗಿನ ಡಬ್ಬಿಗೂ ಹೊರಗಿನ ಕುಂಡಕ್ಕೂ ಮಧ್ಯೆ ಬೆರಳು ತೂರೋಷ್ಟು ಜಾಗ ಇರ್ಬೇಕು, ಮತ್ತೆ ನೀರು ಪೂರ್ತಿ ಸೋರಿದ ಮೇಲೇ ಒಳಗೆ ಇಡ್ಬೇಕು, ಇಲ್ಲಾಂದ್ರೆ ಪಕ್ಕದ ತೂತು ಇದ್ದೂ ಉಪಯೋಗ ಇಲ್ಲ.

ಅಜ್ಜಿ ಕಾಲದ ಉಪ್ಪಿನಕಾಯಿ ಜಾಡಿ ಮೇಲೆ ನನಗೆ ತುಂಬ ಆಸೆ ಇತ್ತು. ಮೆರುಗು ಹಚ್ಚಿದ ಪಿಂಗಾಣಿ, ಭಾರ ಇದೆ, ಪಾಚಿ ಕಟ್ಟಲ್ಲ, ನೋಡಕ್ಕೂ ಚೆಂದ, ಡೈಮಂಡ್ ಬಿಟ್ ಹಾಕಿ ನೀರು ಬಿಡ್ತಾ ಕೊರೆದ್ರೆ ತೂತೂ ಆಗತ್ತೆ. ಆದ್ರೆ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಬೇರು ಒಳಗೆ ಹರಡಿದ ಮೇಲೆ ಗಿಡ ಆಚೆ ತೆಗೀಬೇಕು ಅಂದ್ರೆ ಜಾಡಿ ಒಡೀಬೇಕು ಇಲ್ಲ ಬೇರು ಕತ್ತರಿಸ್ಬೇಕು. ಎರಡಕ್ಕೂ ಮನಸು ಬರಲ್ಲ, ಕೈಬಿಟ್ಟೆ. ಮೆರುಗಿಲ್ಲದ ಮಣ್ಣಿನ ಕುಂಡವೂ ಬೇಡ, ಗೋಡೆಯಿಂದಲೇ ನೀರು ಆವಿಯಾಗಿ ಹೋಗಿ ಉಪ್ಪು ಮಾತ್ರ ಬೆಳ್ಳಗೆ ಗೋಡೆ ಮೇಲೆ ಕೂತ್ಕೊಳತ್ತೆ, ಆ ಉಪ್ಪಿಗೆ ಬೇರು ಅಂಟಿ ತುದಿ ಸುಡತ್ತೆ.

ಉಪ್ಪು ಅಂದ ಮೇಲೆ ನೀರಿನ ಮಾತೂ ಬರತ್ತೆ. ನಮ್ಮ ಅಪಾರ್ಟ್‌ಮೆಂಟಿನ ಬೋರ್ ನೀರು ಟಿಡಿಎಸ್ ಮೀಟರಲ್ಲಿ, ಅಂದ್ರೆ ನೀರಲ್ಲಿ ಕರಗಿರೋ ಉಪ್ಪು ಅಳೆಯೋ ಮೀಟರಲ್ಲಿ, 800 ದಾಟತ್ತೆ. ತಳದಲ್ಲಿ ಯಾವಾಗ್ಲೂ ನೀರು ನಿಲ್ಲೋ ಪದ್ಧತಿಗೆ ಇಷ್ಟು ಗಡಸು ನೀರು ಆಗಲ್ಲ, ಆರ್‌ಒ ನೀರೋ ಮಳೆ ನೀರೋ ಬಳಸಿ, ಗೊಬ್ಬರ ತೀರಾ ತೆಳ್ಳಗೆ ಕಲಸಿ, ಆರ್‌ಒ ಆದ್ರೆ ಕ್ಯಾಲ್ಸಿಯಂ ಮೆಗ್ನೀಸಿಯಂ ಹೊರಗಿಂದ ಸೇರಿಸಿ. ಇಲ್ಲೂ ಡಬ್ಬಿ ಪಾತ್ರ ಇದೆ, ಪ್ರತಿ ಸಲ ಮೇಲಿಂದ ಧಾರಾಳವಾಗಿ ಸುರಿದಾಗ ಹಳೇ ನೀರು ತೂತಿಂದ ತಳ್ಳಿಸ್ಕೊಂಡು ಹೋಗಿ ಉಪ್ಪು ತೊಳೆದು ಹೋಗತ್ತೆ. ತೂತೇ ಇಲ್ಲದ ಗಾಜಿನ ಹೂದಾನಿಲಿ ಅದು ಆಗಲ್ಲ, ಪ್ರತಿ ಸಲ ಬಗ್ಗಿಸಿ ಚೆಲ್ಲಬೇಕು.

ಜುಲೈ

ಮಳೆ ಹಿಡ್ಕೊಂಡಿದೆ, ಪಕ್ಕದ ತೂತಿನ ಬೆಲೆ ಈಗ ಕಾಣ್ತಿದೆ. ಎರಚಲು ಎಷ್ಟೇ ಹೊಡೆದ್ರೂ ನೀರಿನ ಮಟ್ಟ ಒಂದು ಇಂಚಿಗಿಂತ ಮೇಲೆ ಏರಲ್ಲ, ಅಲ್ಲೇ ಪಕ್ಕದಲ್ಲಿ ಇಟ್ಟಿದ್ದ ಗಾಜಿನ ಹೂದಾನಿ ಒಂದೇ ರಾತ್ರಿಲಿ ಅರ್ಧ ತುಂಬಿತ್ತು. ಬಾಲ್ಕನಿಲಿ ಬೆಳೆಸೋರಿಗೆ ತೂತಿಲ್ಲದ ಪಾತ್ರೆ ನಾನಂತೂ ಹೇಳಲ್ಲ, ಮನೆಯೊಳಗಾದ್ರೆ ಪರವಾಗಿಲ್ಲ.

ಪಾಚಿ ಬಂದಿದೆ, ಪಾರದರ್ಶಕ ಡಬ್ಬಿಗಳಲ್ಲೆಲ್ಲ ಹಸಿರು ಪೊರೆ. ಗಿಡಕ್ಕೆ ಇದರಿಂದ ದೊಡ್ಡ ತೊಂದರೆ ಏನೂ ಕಾಣ್ತಿಲ್ಲ, ಆದ್ರೆ ಬೇರು ನೋಡಕ್ಕೆ ಅಡ್ಡ ಆಗತ್ತೆ. ಹಳೇ ಕಪ್ಪು ಬಟ್ಟೆದೊಂದು ಕವಚ ಹೊಲಿದು ಹಾಕಿದೀನಿ, ಬೇಕಾದಾಗ ಇಳಿಸಿ ನೋಡ್ಬಹುದು. ಫೆಲನಾಪ್ಸಿಸ್ ಬೇರು ಹಸಿರಾಗಿರೋದು ನಿಜ, ಬೆಳಕಿದ್ರೆ ಅದೂ ಆಹಾರ ತಯಾರಿಸತ್ತೆ, ಆದ್ರೂ ಕವಚದೊಳಗಿರೋ ಗಿಡ ಹೊರಗಿರೋದಕ್ಕಿಂತ ಹಿಂದೆ ಬಿದ್ದಿಲ್ಲ. ಪಾರದರ್ಶಕ ಡಬ್ಬಿ ಬೇಕಾಗಿರೋದು ಗಿಡಕ್ಕಿಂತ ಹೆಚ್ಚಾಗಿ ನಮ್ಮ ಕಣ್ಣಿಗೆ ಅಂತ ನನಗನ್ಸತ್ತೆ.

ಸದ್ಯ ಗೆದ್ದಿರೋದು 750 ಮಿಲಿ ದುಂಡು ಪಾರ್ಸೆಲ್ ಡಬ್ಬಿ, ಹೋಲ್‌ಸೇಲಲ್ಲಿ ಒಂದಕ್ಕೆ ಹತ್ತು ರೂಪಾಯಿ ಆಸುಪಾಸು. ನೇರ ಬಿಸಿಲು ಬಿದ್ರೆ ಈ ಪ್ಲಾಸ್ಟಿಕ್ ಕಾಲಕ್ರಮೇಣ ಪುಡಿಪುಡಿ ಆಗತ್ತೆ, ನೆರಳಲ್ಲಿರೋ ಫೆಲನಾಪ್ಸಿಸ್‌ಗೆ ಆ ಭಯ ಇಲ್ಲ. ಒನ್ಸಿಡಿಯಂಗೆ ಒಂದು ಲೀಟರಿಂದು ಕೊಟ್ಟಿದೀನಿ, ಅದರ ತೆಳ್ಳನೆ ಬಿಳಿ ಬೇರುಗಳು ತಳದ ನೀರಿಗೆ ಇಳಿದು ಅಲ್ಲೇ ಕವಲೊಡೆದಿವೆ, ಹೊಸ ಚಿಗುರು ಹಳೇದಕ್ಕಿಂತ ದಪ್ಪ ಇದೆ. ಅದನ್ನ ಲೆಕಾಗೆ ಹಾಕಿದ್ದೇ ಹೊಸ ಬೇರು ಮೊಳಕೆ ಒಡೀತಿರೋ ಹೊತ್ತಲ್ಲಿ, ತೊಗಟೇಲಿ ಬೆಳೆದ ಹಳೇ ಬೇರು ಈ ತೇವಕ್ಕೆ ಹೊಂದ್ಕೊಳದೆ ಸಾಯೋದು ಮಾಮೂಲು, ಹೊಸದು ಹುಟ್ಟತಾನೇ ಇಲ್ಲಿಗೆ ತಕ್ಕಂಗೆ ಹುಟ್ಟತ್ತೆ. ವಾಂಡಾ ಮಾತ್ರ ಬುಟ್ಟಿಲೇ ನೇತಾಡ್ಲಿ, ಅದರ ಬೇರಿಗೆ ಬಯಲೇ ಬೇಕು.

ಮುಂದಿನದು ಸಿಂಬಿಡಿಯಂ. ಅದರ ಬೇರು ಹುರಿಹಗ್ಗದಷ್ಟು ದಪ್ಪ, ಗುಂಪಾಗಿ ಬೆಳೆಯತ್ತೆ, ಪಾರ್ಸೆಲ್ ಡಬ್ಬಿಗಳು ಯಾವ ಮೂಲೆಗೂ ಸಾಲಲ್ಲ. ಮೊಸರು ಬರೋ ಐದು ಕೆಜಿ ಬಕೆಟ್ ಒಂದು ತಂದು ತೊಳೆದಿಟ್ಟಿದೀನಿ, ತಳದಲ್ಲಿ 5 ನಂಬರ್ ಇದೆ, ಎತ್ತರ ಮಾತ್ರ ಜಾಸ್ತಿ. ತೂತನ್ನ ಎರಡು ಇಂಚಿಗೆ ಏರಿಸಿ ಸಣ್ಣ ಗುಂಡು ಹಾಕೋದಾ, ಇಲ್ಲ ಬಕೆಟ್ ಮೇಲ್ಭಾಗ ಕತ್ತರಿಸಿ ಗಿಡ್ಡ ಮಾಡೋದಾ ಅಂತ ಲೆಕ್ಕ ಹಾಕ್ತಿದೀನಿ. ಮೊದಲು ಗಿಡ ಇಲ್ಲದೆ ಬರೀ ಗುಂಡು ತುಂಬಿಸಿ ನೀರು ಎಲ್ಲಿವರೆಗೆ ಹತ್ತತ್ತೆ ಅಂತ ಈ ವಾರ ನೋಡ್ತೀನಿ.